ಮುಲಾಮಿನ ಡಬ್ಬಿ

ಹತ್ತೊಂಬತ್ತು ವರ್ಷದಿಂದ ಮಕ್ಕಳ ಅಂಗಿಗೆ ಕಾಲರ್ ಹೊಲಿಯುತ್ತಿದ್ದವಳನ್ನು ಕಾರ್ಖಾನೆಯಲ್ಲಿ ಎಲ್ಲರೂ ಕಾಲರಕ್ಕ ಎಂದೇ ಕರೆಯುತ್ತಿದ್ದರು. ಹೊಸಬರನ್ನು ಅವಳ ಪಕ್ಕದ ಮೆಷಿನ್ನಿಗೆ ಕೂರಿಸುವುದು ಅಲ್ಲಿನ ವಾಡಿಕೆ. ಕೊನೆಗೆ ಬಂದವಳು ಗುಬ್ಬಿ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಾಗ ಮಾತ್ರ ಅವಳ ಚಿಲಿಪಿಲಿ ನಿಲ್ಲುತ್ತಿತ್ತು.

ಆಫೀಸಿನ ಮೇಡಂ ಕಾಲರಕ್ಕನ ಮುಂದೆ ಒಂದು ಹಾಳೆ ಸರಿಸಿದರು.

"ಆ ಹುಡುಗಿಗೆ ಕೆಲಸ ಕಲಿಸಿದ್ದು ನೀವೇ ತಾನೇ?"

"ಹೂಂ ಮೇಡಂ."

"ನಿಯಮ ಎಲ್ಲಾ ಹೇಳಿಕೊಟ್ಟಿದ್ದೆ ಅಂತ ಕೆಳಗೆ ಸೈನ್ ಮಾಡಿ. ಮೇಲೆ ಮೂರು ಪದ ಇದೆ ನೋಡಿ, ಟ್ರೈನರ್, ಕೋಚ್, ಮೆಂಟರ್. ನಿಮಗೆ ಯಾವುದು ಹೊಂದುತ್ತೋ ಅದಕ್ಕೆ ಟಿಕ್ ಹಾಕಿ. ಬಟ್ಟೆ ಕೊಳ್ಳೋ ಕಂಪನಿಯವರು ಕಳಿಸಿರೋ ಫಾರಂ. ನಾಳೆ ತಂದುಕೊಟ್ರೆ ಸಾಕು."

"ಅವಳಿಗೇನು ಮಾಡ್ತೀರ?"

"ಸೂಜಿ ಪುಸ್ತಕದಲ್ಲಿ ಮೋಸ ಮಾಡಿದೋಳನ್ನ ಇಟ್ಕೊಳ್ಳೋಕಾಗುತ್ತಾ? ಯಾರು ಹೇಳಿಕೊಟ್ರು ಅಂತ ಕೇಳಿದ್ರೆ, ನನ್ನದೇ ತಲೆ ಅಂತಾಳೆ. ಎಂಥಾ ಧೈರ್ಯ!"

ಕಾಲರಕ್ಕ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎದ್ದು ಬಂದಳು.

ಸೂಜಿ ಪುಸ್ತಕ ಎಂದರೆ ದಪ್ಪನೆಯ ರಿಜಿಸ್ಟರು. ಮೆಷಿನ್ನಿನ ಸೂಜಿ ಮುರಿದರೆ ಅದರ ಚೂರುಗಳನ್ನೆಲ್ಲ ಹುಡುಕಿ, ಒಂದೂ ಬಿಡದಂತೆ ಟೇಪಿನಿಂದ ಅದರಲ್ಲಿ ಅಂಟಿಸಿದರೆ ಮಾತ್ರ ಹೊಸ ಸೂಜಿ ಸಿಗುತ್ತಿತ್ತು. ಒಂದು ಚೂರು ಸಿಗದಿದ್ದರೂ ಮೆಷಿನ್ನು ನಿಲ್ಲಬೇಕು, ಸುತ್ತಲಿನ ಬಟ್ಟೆಯನ್ನೆಲ್ಲ ಅಯಸ್ಕಾಂತ ಹಿಡಿದು ಜಾಲಾಡಬೇಕು. ಅಷ್ಟು ಹೊತ್ತೂ ಸೂಪರ್‌ವೈಸರ್ ತಲೆಯ ಮೇಲೆ ನಿಂತು ಕೂಗುತ್ತಿದ್ದ.

ಆ ಕೂಗಿಗೆ ಹೆದರಿ ಕಾಲರಕ್ಕ ಎಂದೋ ಒಂದು ಉಪಾಯ ಮಾಡಿಕೊಂಡಿದ್ದಳು. ಪುಸ್ತಕ ಶುರುವಾಗುವ ಮೊದಲಿನ ಮೊಂಡು ಸೂಜಿಗಳನ್ನು ಇಕ್ಕಳದಲ್ಲಿ ಮುರಿದು, ತುದಿಗಳನ್ನು ತಲೆನೋವಿನ ಮುಲಾಮಿನ ಖಾಲಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ತುದಿ ಸಿಗದ ದಿನ ಅದರಿಂದ ಒಂದನ್ನು ತೆಗೆದು ಅಂಟಿಸಿದರೆ ಮುಗಿಯಿತು. ಆಮೇಲೆ ಊಟದ ಬಿಡುವಿನಲ್ಲಿ ಕದ್ದುಮುಚ್ಚಿ ನಿಜವಾದ ತುದಿಯನ್ನು ಹುಡುಕುತ್ತಿದ್ದಳು. ಯಾವಾಗಲೂ ಸಿಕ್ಕಿತ್ತು. ಯಾವಾಗಲೂ ಎಂದು ಈಗ ಎದೆ ತಟ್ಟಿ ಹೇಳಲು ಮಾತ್ರ ಅವಳಿಗೆ ಧೈರ್ಯವಿರಲಿಲ್ಲ.

ಗುಬ್ಬಿಯ ಮೊದಲ ಸೂಜಿ ಮುರಿದ ದಿನ ಹುಡುಗಿ ಅಳತೊಡಗಿದ್ದಳು. "ಅಳಬೇಡ ಕಣೇ," ಎಂದು ಕಾಲರಕ್ಕ ಡಬ್ಬಿ ತೆರೆದು ಒಂದು ತುದಿ ಕೊಟ್ಟಿದ್ದಳು. ಇನ್ನೂ ನಾಲ್ಕನ್ನು ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟಿದ್ದಳು. ಬಿಡುವಿನಲ್ಲಿ ಹುಡುಕಬೇಕು ಎಂಬುದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸೂಪರ್‌ವೈಸರ್ ಬಂದಿದ್ದ. ನಾಳೆ ಹೇಳಿದರಾಯಿತು ಎಂದುಕೊಂಡಿದ್ದಳು.

ಹೋದ ವಾರ ಪ್ಯಾಕಿಂಗ್ ಕಡೆಯ ಲೋಹ ಹಿಡಿಯುವ ಯಂತ್ರ ಕಿರುಚಿಕೊಂಡಿತು. ಎರಡು ವರ್ಷದ ಮಗುವಿನ ಅಂಗಿ. ಕಾಲರಿನ ಮಡಿಕೆಯೊಳಗೆ ಸೂಜಿಯ ತುದಿ. ಮಗುವಿನ ಕುತ್ತಿಗೆಗೆ ಸರಿಯಾಗಿ ತಾಗುವ ಜಾಗ. ಗುಬ್ಬಿಯ ಮೆಷಿನ್ನಿನಲ್ಲಿ ಹೊಲಿದ ಅಂಗಿ ಅದು. ಪುಸ್ತಕದಲ್ಲಿ ಮಾತ್ರ ಅವಳ ಸೂಜಿ ಪೂರ್ತಿಯಾಗಿತ್ತು.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಟಿದ್ದ ಮಗಳ ಮುಂದೆ ಕಾಲರಕ್ಕ ಹಾಳೆ ಬಿಚ್ಚಿದಳು.

"ಈ ಮೂರಕ್ಕೂ ಏನೇ ವ್ಯತ್ಯಾಸ?"

ಮಗಳು ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಓದಿದಳು. "ಟ್ರೈನರ್ ಅಂದ್ರೆ ಕೆಲಸ ಹೇಳಿಕೊಡೋರು. ಕೋಚ್ ಅಂದ್ರೆ ಪಕ್ಕದಲ್ಲೇ ನಿಂತು, ನೀನು ಮಾಡೋದನ್ನ ನೋಡಿ ತಿದ್ದೋರು. ಮೆಂಟರ್ ಅಂದ್ರೆ... ನಮ್ಮ ಮೇಷ್ಟ್ರು ಹೇಳ್ತಾರೆ, ನಂಬಿ ಹಿಂದೆ ಹೋಗ್ತೀವಲ್ಲ, ಅಂಥೋರು. ಅವರು ಬಾಯಿಬಿಟ್ಟು ಹೇಳದೇ ಇದ್ದಿದ್ದನ್ನೂ ನೋಡಿ ನೋಡಿ ಕಲೀತೀವಂತೆ."

"ಹೇಳದೇ ಇದ್ದಿದ್ದನ್ನೂನಾ?"

"ಯಾಕಮ್ಮಾ, ಬಡ್ತಿ ಕೊಡ್ತಿದ್ದಾರಾ? ಮೂರಕ್ಕೂ ಟಿಕ್ ಹಾಕು. ನನ್ನ ಕೇಳಿದ್ರೆ ನಾಲ್ಕನೇದು ಬರೀಬೇಕು, ಪೊಲೀಸು ಅಂತ."

ಕಾಲರಕ್ಕನಿಗೆ ನಗು ಬರಲಿಲ್ಲ. ಮೂರು ಪದಗಳನ್ನೂ ಒಂದೊಂದಾಗಿ ಮೈಮೇಲೆ ಇಟ್ಟು ನೋಡಿಕೊಂಡಳು. ಒಂದೂ ಬಿಗಿಯಾಗಲಿಲ್ಲ, ಸಡಿಲವೂ ಆಗಲಿಲ್ಲ. ಅವಳಿಗೆ ಹೆದರಿಕೆಯಾದದ್ದು ಅದಕ್ಕೇ. ಹಾಳೆಯ ಜೊತೆಗೆ ಇನ್ನೊಂದು ವಸ್ತುವನ್ನೂ ಮೇಡಂ ಮೇಜಿನ ಮೇಲೆ ಇಡದೆ ಬೇರೆ ದಾರಿಯಿರಲಿಲ್ಲ. ಕೆಲಸ ಹೋದರೆ ಮಗಳ ಓದು? ದಾರಿಯುದ್ದಕ್ಕೂ ಅದೊಂದೇ ಯೋಚನೆ.

"ಇದೇನು, ತಲೆನೋವಾ?" ಎಂದರು ಮೇಡಂ, ಡಬ್ಬಿ ನೋಡಿ.

"ತೆಗೆದು ನೋಡಿ ಮೇಡಂ. ಗುಬ್ಬಿಗೆ ಇದನ್ನ ಕಲಿಸಿದ್ದು ನಾನೇ. ಅರ್ಧ ಕಲಿಸಿದೆ. ಆ ಅರ್ಧಕ್ಕೆ ಯಾವ ಪದ ಅಂತ ನೀವೇ ಟಿಕ್ ಹಾಕಿ."

ಮೇಡಂ ಮುಚ್ಚಳ ತೆಗೆದು ನೋಡಿದರು. ಆಮೇಲೆ ಗುಬ್ಬಿಯನ್ನು ಕರೆಸಿದರು. ಡಬ್ಬಿ ಕಂಡದ್ದೇ ತಡ, ಹುಡುಗಿ ಸಿಟ್ಟಿಗೆದ್ದಳು.

"ಯಾಕಕ್ಕಾ ಹೇಳೋಕೆ ಹೋದ್ರಿ? ನನಗೇನು, ಇನ್ನೊಂದು ಕಡೆ ಸಿಗ್ತಿತ್ತು. ನಿಮಗೆ ಈ ವಯಸ್ಸಲ್ಲಿ ಯಾರು ಕೊಡ್ತಾರೆ?"

ಮುಚ್ಚಿಡುವುದನ್ನೂ ಇವಳು ತನ್ನಿಂದಲೇ ಕಲಿತಳಲ್ಲ ಎಂದು ಕಾಲರಕ್ಕ ತಲೆ ತಗ್ಗಿಸಿದಳು.

ಗುಬ್ಬಿಗೆ ಎಚ್ಚರಿಕೆ ಪತ್ರ ಕೊಟ್ಟು ಮತ್ತೆ ಮೆಷಿನ್ನಿಗೆ ಕಳಿಸಿದರು. ಕಾಲರಕ್ಕನನ್ನು ಮೆಷಿನ್ನಿನಿಂದ ಎಬ್ಬಿಸಿ, ದಾರದ ತುದಿ ಕತ್ತರಿಸುವ ಮೇಜಿಗೆ ಹಾಕಿದರು. ಸಂಬಳ ಇಳಿಯಿತು. ಹೊಸಬರನ್ನು ಇನ್ನು ಅವಳ ಹತ್ತಿರ ಬಿಡಬಾರದು ಎಂದು ಆ ಫಾರಮ್ಮಿನಲ್ಲೇ ಬರೆದರು.

ಹದಿನೈದು ದಿನವಾಗಿರಬಹುದು. ಕಾಲರ್ ಸಾಲಿನಲ್ಲಿ ಟಕ್ ಎಂದ ಸದ್ದು, ಹಿಂದೆಯೇ ಸೂಪರ್‌ವೈಸರನ ಕೂಗು. ಗುಬ್ಬಿ ಮೆಷಿನ್ನು ನಿಲ್ಲಿಸಿ, ಅಯಸ್ಕಾಂತ ಹಿಡಿದು ನೆಲಕ್ಕೆ ಮಂಡಿಯೂರಿದ್ದಳು. ಕಾಲರಕ್ಕ ಕತ್ತರಿ ಕೆಳಗಿಟ್ಟು ಹೋಗಿ ಅವಳ ಪಕ್ಕದಲ್ಲಿ ಕೂತಳು.

"ನೀವು ಇಲ್ಲಿಗೆ ಬರಬಾರದಲ್ವಾ ಅಕ್ಕ?"

"ಸಿಕ್ತಾ?"

"ಇಲ್ಲ. ಅವರು ಕೂಗಾಡ್ತಿದ್ದಾರೆ."

"ಕೂಗಲಿ," ಎಂದಳು ಕಾಲರಕ್ಕ. ಮೆಷಿನ್ನಿನ ಕೆಳಗೆ ಬಿದ್ದಿದ್ದ ಬಟ್ಟೆಯನ್ನು ತನ್ನತ್ತ ಎಳೆದುಕೊಂಡಳು. "ನೀನು ಹುಡುಕು."