ತಳದಲ್ಲಿ ಎರಡು ಗುಟುಕು

ಚಟ್ ಎಂದದ್ದು ಹಿಮವಲ್ಲ, ಮಾರ್ಚ್ ಬಿಸಿಲಿಗೆ ಮಾಡಿನ ಹೆಂಚು, ಆದರೂ ಕಾಲು ತಾನೇ ಹಿಂದೆ ಸರಿಯಿತು, ಅಲ್ಲಿ ಹಾಗೆ ಸದ್ದಾದರೆ ಕಾಲಡಿ ಬಿರುಕು — ಇದು ಶಿರಸಿ, ನಮ್ಮದೇ ಮನೆ, ಕೆಂಪು ಸಿಮೆಂಟಿನ ನೆಲ ಎಲ್ಲಿಗೂ ಹೋಗುವುದಿಲ್ಲ, ಬಾಗಿಲ ಸಂದಿಯಿಂದ ನೋಡುತ್ತಿರುವುದು ಅಭಿಜ್ಞಾ, ನನ್ನ ಮಗಳು, ಅಂಟಾರ್ಕ್ಟಿಕಾಕ್ಕೆ ಹೊರಟಾಗ ಸೊಂಟದ ಮೇಲಿದ್ದವಳು, ಆಮೇಲೆ ಹೊಸ ಶತಮಾನ ಬಂತು, ಇಡೀ ಒಂದು ಚಳಿಗಾಲದ ಕತ್ತಲೆ ಕಳೆಯಿತು, ಈಗ ಎರಡು ಜಡೆ — ಅತ್ತೆ ನಗುತ್ತಿದ್ದಾರೆ, ಬರ್ಫದಲ್ಲಿದ್ದು ಕರ್ರಗಾಗಿ ಬಪ್ಪದು ಹೆಂಗೆ ಮಾರಾಯ್ತಿ, ಹಿಮದ ಬಿಸಿಲು ಕೆಳಗಿಂದಲೂ ಸುಡುತ್ತದೆ ಅತ್ತೆ ಎನ್ನುವಷ್ಟರಲ್ಲಿ ಮಗಳು ಮುಂದೆ ಬಂದು ಕೈಕಟ್ಟಿ ನಿಂತು, ಥೇಟು ಅಜ್ಜಿಯ ದನಿಯಲ್ಲಿ, ಆಸ್ರಿಗೆ ಎಂತ ಅಡ್ಡಿಲ್ಲೆ? ಆಸ್ರಿಗೆ. ನೆಂಟರಿಗೆ ಕುಡಿಯಲು ಏನು ಕೊಡಲಿ ಎಂದು ಕೇಳುವ ಮಾತು, ಮನೆಯವರನ್ನು ಯಾರು ಕೇಳುತ್ತಾರೆ, ಮನೆಯವರು ಕೊಡಪಾನದಿಂದ ತಾವೇ ಮೊಗೆದುಕೊಳ್ಳುತ್ತಾರೆ — ಅಯ್ಯೋ ಕೂಸೇ, ಅತ್ತೆ ಅಂದರು, ಅದು ನಿನ್ನ ಆಯಿ, ನೆಂಟ್ರಲ್ಲ. ಇಲ್ಲೆ, ಆಯಿ ಫೋನಲ್ಲಿ ಇರ್ತು. ಅಮ್ಮ ಇರುವುದು ಫೋನಲ್ಲಿ ಎಂದು ಎಷ್ಟು ಖಚಿತವಾಗಿ ಹೇಳಿದಳು, ಒಳಗೆ ಓಡಿದಳು, ಬಂದಳು, ಎರಡೂ ಕೈ ಸೇರಿಸಿ ಹಿಡಿದ ಲೋಟ, ಲೋಟಕ್ಕೂ ಅಂಗೈಗೂ ನಡುವೆ ಒಂದು ಬೆಲ್ಲದ ಚೂರು, ನೀರು ತುಳುಕಿ ಪಾದದ ಮೇಲೆ.

ಹಿಮ ಕೊರೆದು ಹಳೆಯ ಕಾಲ ಓದುವುದು ನನ್ನ ಕೆಲಸ, ಆ ಗಡ್ಡೆಯಲ್ಲಿ ಗುಳ್ಳೆಗುಳ್ಳೆಯಾಗಿ ಕೂತ ಗಾಳಿ, ಮನುಷ್ಯರೇ ಉಸಿರಾಡದ್ದು, ಕರಗಿದರೆ ಚಿಟಿಚಿಟಿ ಎಂದು ಹೊರಗೆ ಬರುತ್ತದೆ, ಅಷ್ಟು ಸಾವಿರ ವರ್ಷ ಉಳಿಯುವುದುಂಟು, ಮಗುವಿನೊಳಗೆ ತಾಯಿ ಒಂದು ಚಳಿಗಾಲವಾದರೂ — ಹೋಗುವ ಮೊದಲು ನನ್ನ ಲೋಟದ ತಳದ ಎರಡು ಗುಟುಕು ಮಗಳದ್ದೇ, ಬೇರೆ ಯಾರ ಎಂಜಲೂ ಮುಟ್ಟಳು, ನನ್ನದನ್ನು ಮಾತ್ರ ಕಸಿದುಕೊಳ್ಳುವಳು, ಡೇರೆಯಲ್ಲೂ ಕೈ ಬಿಡಲಿಲ್ಲ ಅಭ್ಯಾಸ, ಎರಡು ಗುಟುಕು ಉಳಿಸಿ ಕೆಳಗಿಡುವುದು, ಬೆಳಿಗ್ಗೆ ತಳದಲ್ಲಿ ಚಹಾದ ಬಿಲ್ಲೆ, ಜೊತೆಯ ದಿನಕರ ಕಿಚಾಯಿಸುತ್ತಿದ್ದ, ಇದೂ ಸ್ಯಾಂಪಲ್ಲಾ ಮೇಡಂ, ಲೇಬಲ್ ಹಚ್ಚಲಾ, ನಕ್ಕು ಆಚೆ ತಿರುಗುತ್ತಿದ್ದೆ, ಅಳು ರೆಪ್ಪೆಯಲ್ಲೇ ಹೆಪ್ಪುಗಟ್ಟುವ ಊರು ಅದು — ಕುಡಿಯುತ್ತಿದ್ದೇನೆ, ಬಾವಿಯ ನೀರು, ತಂಪು ಎಂದರೆ ಇಷ್ಟೇ ಸಾಕಿತ್ತಲ್ಲ, ಅವಳು ಲೋಟ ವಾಪಸು ಒಯ್ಯಲು ಕಾದಿದ್ದಾಳೆ, ಒಡತಿ, ಕೈ ತಾನೇ ನಿಂತಿತು, ಕೆಳಗಿಟ್ಟೆ, ತಳದಲ್ಲಿ ಎರಡು ಗುಟುಕು, ಅವಳು ಲೋಟ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಲೋಟ, ನೆಂಟರದ್ದಾದರೆ ತೊಳೆಯಲು ಹಾಕಬೇಕು, ಎತ್ತಿಕೊಂಡಳು, ಬಾಗಿಲವರೆಗೆ ಹೋದಳು, ನಿಂತಳು, ನನಗೆ ಬೆನ್ನು, ಮೊಣಕೈ ಮೆಲ್ಲಗೆ ಮೇಲೆ, ಎರಡು ಜಡೆ ಹಿಂದಕ್ಕೆ, ಇನ್ನೂ ಹಿಂದಕ್ಕೆ, ಲೋಟದ ತಳ ಬಿಸಿಲಿಗೆ ಮಿಂಚುತ್ತ, ಲೋಟದ ತಳ —