ಮೀಸಲು ತುಪ್ಪದ ಪಕ್ಕದ ಬಾಟಲಿ

ಮೂರು ದಿನದಿಂದ ನನ್ನ ಕಾಲು ಒಂದು ಕಡೆ ನಿಂತಿರಲಿಲ್ಲ. ಒಂದು ಬಾಟಲಿಗಾಗಿ. ಅದೂ ನಾನು ಹುಟ್ಟಿದಾಗಿನಿಂದ ಕಣ್ಣಲ್ಲಿ ನೋಡಿರದ, ಚಳ್ಳಕೆರೆಯಲ್ಲಿ ಯಾರೂ ಹೆಸರೇ ಕೇಳಿರದ ಬಾಟಲಿ.

ಬೈಪಾಸಿನ ಹೋಟೆಲಿನ ಬಾರ್ ಕೌಂಟರಿನಲ್ಲಿ ನಾನು ಆರು ವರ್ಷದಿಂದ ನಿಂತಿದ್ದೇನೆ. ಹೆಸರು ಮಾರುತೇಶ. ಉಳ್ಳಾರ್ತಿ ಕಾವಲ್ ಕಡೆಯ ಸಂಸ್ಥೆಗಳಿಗೆ ದೊಡ್ಡ ಓದಿನವರು ಬರತೊಡಗಿದ ಮೇಲೆ ನಮ್ಮ ಮಾಲೀಕ ರವಿಕಿರಣನಿಗೆ ಕಾಕ್‌ಟೇಲ್ ಹುಚ್ಚು ಹಿಡಿಯಿತು. ಹುಚ್ಚು ಅವನಿಗೆ, ಒದ್ದಾಟ ನನಗೆ. ಫೋನಿನಲ್ಲಿ ವಿಡಿಯೊ ನೋಡಿ ನೋಡಿ ಹತ್ತು ಹನ್ನೆರಡು ಕಲಿತೆ. ಕಲಿಯುವುದೇನೂ ಕಷ್ಟವಿಲ್ಲ, ಸಾಮಾನು ಸಿಗಬೇಕಲ್ಲ! ವಿಡಿಯೊದವನು 'ಈಗ ಸ್ವಲ್ಪ ಕಿತ್ತಳೆ ಲಿಕ್ಯೂರ್ ಹಾಕಿ' ಎಂದು ಸಲೀಸಾಗಿ ಹೇಳಿಬಿಡುತ್ತಾನೆ. ಅವನಪ್ಪನ ಗಂಟೇನು ಹೋಗಬೇಕು? ಲಿಕ್ಯೂರ್ ಎಂದರೆ ಸಿಹಿ ಬೆರೆಸಿದ, ಘಮಘಮ ಎನ್ನುವ ಫಾರಿನ್ ಮದ್ಯ. ನಮ್ಮ ಕಡೆ ಬರುವ ಲೋಡಿನಲ್ಲಿ ರಮ್ಮು, ವಿಸ್ಕಿ, ಬ್ರಾಂದಿ, ಬಿಯರು, ಅಲ್ಲಿಗೆ ಮುಗಿಯಿತು. ಕಿತ್ತಳೆಯದಕ್ಕೆ ನಾನೇ ಸಿಪ್ಪೆ ತುರಿದು ವೊಡ್ಕಾದಲ್ಲಿ ನೆನೆಹಾಕುತ್ತಿದ್ದೆ. ಕಾಫಿಯದಕ್ಕೆ ಗಟ್ಟಿ ಡಿಕಾಕ್ಷನ್ನು, ಬೆಲ್ಲದ ಪಾಕ. ಕುಡಿದವರು ಚೆನ್ನಾಗಿದೆ ಎಂದೇ ಎದ್ದು ಹೋಗಿದ್ದರು.

ಆದರೆ ವನಜಾಕ್ಷಿ ಮೇಡಂ ಕೇಳಿದ್ದಕ್ಕೆ ನನ್ನ ಹತ್ತಿರ ಯಾವ ಉಪಾಯವೂ ಇರಲಿಲ್ಲ. ಕಾವಲಿನ ಕಡೆಯ ಸಂಸ್ಥೆಯಲ್ಲಿ ಅವರು ವಿಜ್ಞಾನಿ, ಈ ತಿಂಗಳು ನಿವೃತ್ತಿ. ಭಾನುವಾರ ಮಧ್ಯಾಹ್ನ ಜೊತೆಯವರು ನಮ್ಮ ಹೋಟೆಲಿನಲ್ಲಿ ಊಟ ಇಟ್ಟುಕೊಂಡಿದ್ದರು. ಮೂವತ್ತು ವರ್ಷದ ಹಿಂದೆ ತರಬೇತಿಗೆಂದು ಹಾಲೆಂಡಿಗೆ ಹೋದಾಗ ಕುಡಿದಿದ್ದ ಸ್ನೋಬಾಲ್ ಎಂಬ ಕಾಕ್‌ಟೇಲ್ ಇನ್ನೊಂದು ಸಲ ಕುಡಿಯಬೇಕೆಂಬ ಆಸೆ ಮೇಡಂಗೆ. ಅದಕ್ಕೆ ಬೇಕಾದ ನಿಂಬೆ ಸೋಡಾ ನಮ್ಮಲ್ಲಿತ್ತು, ಆದರೆ ಅಡ್ವೊಕಾಟ್ ಎಂಬ ಹಳದಿ ಲಿಕ್ಯೂರ್ ಬೇಕೇ ಬೇಕು. ಆಗುತ್ತೆ ಮೇಡಂ ಎಂದು ರವಿಕಿರಣ ಹಲ್ಲು ಕಿರಿದ. ಅವರು ಹೋದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದ.

"ನೋಡಲೇ ಮಾರುತೇಶ, ಇದು ಮಾಡಿದ್ರೆ ಕೌಂಟ್ರು ನಿಂದೇ, ಇನ್ಮುಂದೆ ಯಾರೂ ಕೇಳಲ್ಲ. ಆಗ್ಲಿಲ್ಲ ಅಂದ್ರೆ ದಾವಣಗೆರೆಯಿಂದ ಬೇರೆ ಹುಡುಗನ್ನ ಕರಸ್ತೀನಿ, ನೀನು ಟೇಬಲ್ಲು ನೋಡ್ಕೋ."

ಟೇಬಲ್ಲು ನೋಡಿಕೊಳ್ಳುವುದು ಎಂದರೆ ಆಮ್ಲೆಟ್ಟು, ಬಾಯ್ಲ್ಡ್ ಎಗ್ಗು, ಚಿಕನ್ ಕಬಾಬಿನ ತಟ್ಟೆ ಹೊರುವುದು. ಬೇರೆಯವರಿಗೆ ಅದೇನೂ ದೊಡ್ಡ ವಿಷಯವಲ್ಲ. ನಾಯಕನಹಟ್ಟಿ ಹತ್ತಿರದ ನಮ್ಮ ಹಟ್ಟಿಯಲ್ಲಿ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಮುಟ್ಟುವುದೂ ಇಲ್ಲ. ಕುರಿ ಆಗುತ್ತದೆ, ಕೋಳಿ ಆಗುವುದಿಲ್ಲ, ಮೊಟ್ಟೆಯಂತೂ ಇಲ್ಲವೇ ಇಲ್ಲ. ಹಿರಿಯರಿಂದ ಬಂದ ಕಟ್ಟು. ಈಗಿನ ಹುಡುಗರು ಪೇಟೆಯಲ್ಲಿ ತಿಂದು ಬಾಯಿ ಒರೆಸಿಕೊಂಡು ಬರುತ್ತಾರೆ, ನನಗೂ ಗೊತ್ತು. ಆದರೆ ನಾನು ಬಾರಿಗೆ ಸೇರುವಾಗ ನಮ್ಮವ್ವ ಪಾಲಮ್ಮ ಹಾಕಿದ್ದು ಇದೊಂದೇ ಷರತ್ತು. ಬ್ರಾಂದಿ ಮಾರಿಕೋ, ಆದರೆ ಮೊಟ್ಟೆ ಮುಟ್ಟಿದ ಕೈಯಲ್ಲಿ ನನ್ನ ಹೊಸ್ತಿಲು ದಾಟಬೇಡ ಎಂದಿದ್ದಳು. ಆರು ವರ್ಷ ಕೌಂಟರಿನ ಒಳಗೇ ನಿಂತು ನಾನದನ್ನು ಉಳಿಸಿಕೊಂಡು ಬಂದಿದ್ದೆ. ಕೌಂಟರು ಹೋದರೆ ಒಂದೋ ಕೆಲಸ ಬಿಡಬೇಕು, ಇಲ್ಲವೇ ಅವ್ವನ ಕೈಯ ಊಟ ಬಿಡಬೇಕು.

ಹೀಗಾಗಿ ಬೈಕು ಹತ್ತಿದೆ. ಚಳ್ಳಕೆರೆಯ ಒಂದು ಅಂಗಡಿಯನ್ನೂ ಬಿಡಲಿಲ್ಲ. ಅಡ್ವೊಕಾಟ್ ಎಂದ ಕೂಡಲೇ ಒಬ್ಬ, ವಕೀಲರು ಬೇಕಾದರೆ ಕೋರ್ಟಿನ ಹತ್ತಿರ ಹೋಗಪ್ಪ ಎಂದು ನಕ್ಕ. ನನಗೆ ಮೈಯೆಲ್ಲಾ ಉರಿಯಿತು. ಇನ್ನೊಬ್ಬ ಮಾವಿನ ಬ್ರೀಜರ್ ಮುಂದಿಟ್ಟು, ಇದೂ ಹಳದಿಯೇ ಅಲ್ಲವಾ ಎಂದ. ಬಿ.ಜಿ. ಕೆರೆಯಲ್ಲಿ ಚಹಾ ಕುಡಿಯಲೂ ಇಳಿಯದೆ ಮೊಳಕಾಲ್ಮುರಿಗೆ ಹೋದೆ. ರೇಷ್ಮೆ ಸೀರೆ ಕೊಳ್ಳಲು ದೊಡ್ಡ ಊರಿನವರು ಬರುತ್ತಾರೆ, ಅವರಿಗೆಂದು ಏನಾದರೂ ಇಟ್ಟಿರಬಹುದು ಎಂಬ ಹುಚ್ಚು ಆಸೆ. ಅಂಗಡಿಯ ಮುದುಕ ನನ್ನ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. "ಮಾಕು ತೆಲೀದಪ್ಪಾ" ಎಂದು ವಾಪಸು ಕೊಟ್ಟ. ಅವನಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ದಾವಣಗೆರೆ, ಬಳ್ಳಾರಿಗೆ ಫೋನು ಮಾಡಿದೆ. ಒಬ್ಬ ಸ್ಟಾಕ್ ಇಲ್ಲ ಎಂದ, ಇನ್ನೊಬ್ಬ ಆ ಹೆಸರಿನದು ಇರುವುದೇ ಇಲ್ಲ ಎಂದು ನನಗೇ ಬುದ್ಧಿ ಹೇಳಿದ. ರಾತ್ರಿ ಮಲಗಿದರೂ ಬೆರಳು ಫೋನಿನ ಮೇಲೆಯೇ ಆಡುತ್ತಿತ್ತು. ಹೆಸರು ಹುಡುಕಿದೆ, ಅಂಗಡಿ ಹುಡುಕಿದೆ, ಬಣ್ಣ ನೋಡಿದೆ. ಅದನ್ನು ಏತರಿಂದ ಮಾಡುತ್ತಾರೆ ಎಂದು ಮಾತ್ರ ನೋಡಲಿಲ್ಲ.

ಕೊನೆಗೆ ಕೈಹಿಡಿದವನು ಅಂಜನ್. ಜೊತೆಯಲ್ಲಿ ಓದಿದವನು, ಬೆಂಗಳೂರಿಗೆ ಕಾರು ಬಾಡಿಗೆಗೆ ಹೊಡೆಯುತ್ತಾನೆ. ಅಲ್ಲಿನ ದೊಡ್ಡ ಅಂಗಡಿಯೊಂದರ ಮೇಲಿನ ಹಲಗೆಯಲ್ಲಿ ಧೂಳು ಹಿಡಿದು ಕೂತಿದ್ದ ಒಂದೇ ಒಂದು ಬಾಟಲಿಯನ್ನು ಶನಿವಾರ ಮಧ್ಯಾಹ್ನ ಹಟ್ಟಿಗೇ ತಂದು ಕೊಟ್ಟ. ನಾನು ಅವನನ್ನು ತಬ್ಬಿಕೊಂಡುಬಿಟ್ಟೆ.

ಬಿಸಿಲೆಂದರೆ ಬಿಸಿಲು. ಕರೆಂಟು ಬೆಳಿಗ್ಗೆಯೇ ಹೋಗಿತ್ತು. ಬಾಟಲಿ ಕೆಡುತ್ತದೇನೋ ಎಂದು ನಾನು ಒಳಗೆ ಹೊರಗೆ ತಿರುಗುತ್ತಿದ್ದುದನ್ನು ಅವ್ವ ನೋಡಿದಳು. ಇದೇನೋ ಇದು, ಮೈಮೇಲೆ ಇರುವೆ ಬಿಟ್ಟಂಗೆ ಆಡ್ತೀಯ ಎಂದು ಬೈದು, ಕೈಯಿಂದ ಕಸಿದುಕೊಂಡಳು. ತನ್ನ ಹಳೇ ಸೀರೆಯ ತುಂಡು ನೆನೆಸಿ ಬಾಟಲಿಗೆ ಸುತ್ತಿದಳು. ದೇವರ ಮೂಲೆಯೇ ನಮ್ಮ ಮನೆಯ ತಂಪಾದ ಜಾಗ. ಸೋಮವಾರ ದೇವರ ದೀಪಕ್ಕೆಂದು ತಿಂಗಳಿಂದ ಕೂಡಿಟ್ಟ ಮೀಸಲು ತುಪ್ಪದ ಗಡಿಗೆ ಅಲ್ಲಿತ್ತು. ಅದರ ಪಕ್ಕ ಬಾಟಲಿ ಇಟ್ಟು, ನಿನ್ನ ಕೌಂಟರನ್ನು ದೇವರೇ ಕಾಯಲಿ ಎಂದು ಕೈಮುಗಿದಳು. ಸಂಜೆಯೊಳಗೆ ಎರಡು ಸಲ ಬಟ್ಟೆಗೆ ನೀರು ಚಿಮುಕಿಸಿದಳು.

ಭಾನುವಾರ ಎಲ್ಲಾ ಚೆನ್ನಾಗಿಯೇ ನಡೆಯಿತು. ಉದ್ದನೆ ಗ್ಲಾಸು, ಐಸು, ಹಳದಿ ಲಿಕ್ಯೂರ್, ನಿಂಬೆ ಸೋಡಾ. ನೊರೆ ಉಕ್ಕಿ ಬಂತು. ರುಚಿ ನೋಡದೆ ಗಿರಾಕಿಗೆ ಕೊಡುವವನಲ್ಲ ನಾನು. ಎಂದಿನಂತೆ ಮುಂಗೈ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದೆ. ಗಟ್ಟಿ, ಸಿಹಿ, ಪಾಯಸದ ಹಾಗೆ. ಮೇಡಂ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ಒದ್ದೆಯಾಗಿತ್ತು. ರವಿಕಿರಣ ಎಲ್ಲರೆದುರು ನನ್ನ ಬೆನ್ನು ತಟ್ಟಿ, ಇನ್ನು ಈ ಕೌಂಟರಿಗೆ ಇವನೇ ಇನ್‌ಚಾರ್ಜು ಎಂದ. ನನಗೆ ಎಷ್ಟು ಖುಷಿಯಾಯಿತೆಂದರೆ ನಗು ತಡೆಯಲಾಗಲಿಲ್ಲ.

ಮೇಡಂ ಬಾಟಲಿ ಎತ್ತಿಕೊಂಡು ಹಿಂದಿನ ಸಣ್ಣ ಅಕ್ಷರ ಓದಿದರು. "ಬ್ರಾಂದಿ, ಸಕ್ಕರೆ, ಮೊಟ್ಟೆಯ ಹಳದಿ. ಅಷ್ಟೇ ನೋಡಿ ಇದರಲ್ಲಿರೋದು" ಎಂದರು.

ನಗುತ್ತಿದ್ದ ಬಾಯಿ ಹಾಗೇ ನಿಂತಿತು. ಹಿಂದಕ್ಕೆ ಹೋಗಿ ಹತ್ತು ಸಲ ಬಾಯಿ ಮುಕ್ಕಳಿಸಿದೆ. ಮೂರು ದಿನ ಊರೂರು ಅಲೆದು, ಹುಡುಕಿ ಹುಡುಕಿ, ಮೊಟ್ಟೆಯನ್ನೇ ಮನೆಗೆ ತಂದಿದ್ದೆನಲ್ಲ! ಆರು ವರ್ಷ ತಟ್ಟೆ ಮುಟ್ಟದೆ ಕಾದುಕೊಂಡಿದ್ದು ಒಂದು ತೊಟ್ಟಿನಲ್ಲಿ ಹೋಯಿತು.

ಸಂಜೆ ಬೈಕಿನಲ್ಲಿ ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತೆ? ಹಟ್ಟಿಯಲ್ಲಿ ಆ ಬಾಟಲಿಯ ಅಕ್ಷರ ಓದುವವರು ಯಾರಿದ್ದಾರೆ? ಆದರೆ ಬೆಳಗಾದರೆ ಆ ತುಪ್ಪ ದೇವರ ದೀಪಕ್ಕೆ ಹೋಗುತ್ತದೆ, ಅವ್ವನೇ ಹೊತ್ತುಕೊಂಡು ಹೋಗುತ್ತಾಳೆ. ಎರಡು ಸಲ ಗಾಡಿ ನಿಲ್ಲಿಸಿದೆ, ಎರಡು ಸಲ ಮತ್ತೆ ಹೊರಟೆ.

ಹೊಸ್ತಿಲ ಹೊರಗೇ ನಿಂತೆ. ಯಾಕೋ ಒಳಗೆ ಬಾ ಎಂದಳು ಅವ್ವ.

"ಅವ್ವ, ಆ ಬಾಟ್ಲಿಯಾಗೆ ಇದ್ದದ್ದು ಮೊಟ್ಟೆ. ನಂಗೆ ಗೊತ್ತಿರ್ಲಿಲ್ಲ. ನಾನು ನಾಲಿಗೆಗೂ ಹಚ್ಚೀನಿ."

ಅವ್ವ ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ತುಪ್ಪದ ಗಡಿಗೆ ತಂದು ಅಂಗಳದ ಆಚೆ ಇಟ್ಟಳು. ತಿಂಗಳ ತುಪ್ಪ. ಆಮೇಲೆ ಮುತ್ತುಗದ ಎಲೆಯಲ್ಲಿ ಮುದ್ದೆ, ಸಾರು ಹಾಕಿಕೊಂಡು ಬಂದು ಹೊರಗಿನ ಕಟ್ಟೆಯ ಮೇಲೆ ನನ್ನ ಮುಂದಿಟ್ಟಳು. ನಾನು ದಿನಾ ಉಣ್ಣುವ ಕಂಚಿನ ಗಂಗಾಳ ಒಳಗೇ ಉಳಿಯಿತು. ಹುಟ್ಟಿದ ಮನೆಯ ಮುಂದೆ ಪರದೇಶಿಯಾಗಿ ಕೂತೆ. ತುತ್ತು ಮುರಿಯಲು ಕೈ ಏಳಲಿಲ್ಲ, ಅಳು ಬಂತು.

ಅವ್ವ ಮತ್ತೆ ಹೊರಗೆ ಬಂದಳು. ಕೈಯಲ್ಲಿ ಇನ್ನೊಂದು ಎಲೆ, ಅದರಲ್ಲೂ ಮುದ್ದೆ. ಹೊಸ್ತಿಲು ದಾಟಿ ಬಂದು ನನ್ನ ಪಕ್ಕದಲ್ಲೇ ಕೂತಳು.

"ನೀನ್ಯಾಕವ್ವ ಹೊರಗೆ?"

"ಬಟ್ಟೆ ಸುತ್ತಿ ದೇವರ ತಾವ ಇಟ್ಟೋಳು ನಾನಲ್ವೇನು? ನಾಳೆ ಪೂಜಾರಪ್ಪನ್ನ ಕೇಳಿ, ಇಬ್ರೂ ಶುದ್ಧಿ ಮಾಡಿಸ್ಕೊಂಡು ಒಳಗೋಗಾನ." ಮುದ್ದೆ ಮುರಿಯುತ್ತಾ ಕೇಳಿದಳು, "ಕೌಂಟ್ರು ನಿಂದಾತೇನು?"

"ಆತವ್ವ."

"ಹಂಗಾರೆ ಉಣ್ಣು. ಮುದ್ದೆ ಆರ್ತೈತೆ."