ಬಾರದಾನದ ತೂಕ

ಹುಮನಾಬಾದದ ಕಾಳಿನ ಪೇಟೆಯಾದ ಗಂಜಿನಲ್ಲಿ, ರೈತರ ಮಾಲು ತೂಗಿ ಮಾರಿಸುವ ಮಹಾರುದ್ರಪ್ಪನ ಅಡತಿ ಅಂಗಡಿ ಎಂದರೆ ತೂಕಕ್ಕೆ ಹೆಸರಾದದ್ದು. ಚಹಾ ಕುಡಿಸುವ ವಿಷಯಕ್ಕೆ ಬಂದರೆ ಅವನಷ್ಟು ಬಿಗಿ ಮುಷ್ಟಿಯವನು ಆ ಸಾಲಿನಲ್ಲೇ ಇರಲಿಲ್ಲ. ಆದರೆ ಅವನ ತಕ್ಕಡಿ ಖರೆ. ದುಬಲಗುಂಡಿಯ ರೈತರು ಎದುರಿನ ಜಲಾಲುದ್ದೀನ್ ಸೇಠರ ಅಂಗಡಿಯಲ್ಲಿ ಚಹಾ ಕುಡಿದು, ತೊಗರಿಯನ್ನು ಮಾತ್ರ ಇವನ ಅಂಗಳದಲ್ಲಿ ಇಳಿಸುತ್ತಿದ್ದರು. ಇಷ್ಟಿದ್ದರೆ ಸಾಕಾಗಿತ್ತು. ಆದರೆ ಸಾಕು ಎನ್ನುವ ಮಾತು ಯಾವ ವ್ಯಾಪಾರಿಯ ಬಾಯಲ್ಲಿ ಬಂದೀತು?

ಹೆಸರು ಇನ್ನಷ್ಟು ಹಬ್ಬಲಿ ಎಂಬ ಆಸೆ ಹಚ್ಚಿದವನು ಹೆಂಡತಿಯ ತಮ್ಮ ವೈಜನಾಥ. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಸುತ್ತಿನ ಹಳ್ಳಿಗಳಿಗೆಲ್ಲ ಕಬಡ್ಡಿಯ ಹುಚ್ಚು. ವೈಜನಾಥ ಕಬಡ್ಡಿ ಕಮಿಟಿಯ ಕಾರ್ಯದರ್ಶಿ.

"ಮಾಮಾ, ಖರ್ಚು ನೀವು ಹಾಕ್ರಿ, ಶೀಲ್ಡಿಗೆ ನಿಮ್ಮ ಹೆಸರು ಇಡ್ತೀವಿ. ಚಿಟಗುಪ್ಪಾದಿಂದ ಕಲ್ಯಾಣದ ತನಕ ಎಲ್ಲರ ಬಾಯಾಗ ನೀವೇ ಇರ್ತೀರಿ. ಬರೋ ಸುಗ್ಗ್ಯಾಗ ನೋಡ್ರಿ, ಬಂಡಿ ನಿಲ್ಸಾಕ ಜಾಗ ಸಾಲಂಗಿಲ್ಲ."

ಮಹಾರುದ್ರಪ್ಪ ಉಬ್ಬಿದ. ಆಟಗಾರರನ್ನು ತೂಗಲು ತನ್ನ ದೊಡ್ಡ ತಕ್ಕಡಿಯನ್ನೂ ಕೊಟ್ಟ. ಅರವತ್ತು ಕಿಲೋ ಮೀರಿದವನು ಅಂಕಣಕ್ಕೆ ಇಳಿಯುವಂತಿಲ್ಲ ಎಂಬುದು ಆ ಪಂದ್ಯದ ಕಟ್ಟಳೆ. ಹೆಂಡತಿ ಶಕುಂತಲಾಬಾಯಿಗೆ ಇದು ಸರಿ ಕಾಣಲಿಲ್ಲ.

"ಅನ್ನ ತೂಗೋ ತಕ್ಕಡಿ ಮ್ಯಾಲ ಮಂದಿ ಕಾಲು ಇಡಸ್ತೀರೇನ್ರಿ?"

"ನಿನ್ನ ತಮ್ಮನೇ ಕೇಳ್ಯಾನ," ಎಂದು ಅವನು ನಕ್ಕುಬಿಟ್ಟ.

ಕೊನೆಯ ಪಂದ್ಯ ಬಸವಕಲ್ಯಾಣಕ್ಕೂ ದುಬಲಗುಂಡಿಗೂ ಬಿತ್ತು. ಕಲ್ಯಾಣದ ಕಡೆಯ ನರಸಿಂಗ ಕೋಣನಂಥ ಆಳು. ಅವನು ಅರವತ್ತರೊಳಗೆ ಬರುತ್ತಾನೆಂದು ಹೇಳಿದರೆ ಅವನ ಹೆತ್ತ ತಾಯಿಯೂ ನಗುತ್ತಿದ್ದಳು. ಆದರೆ ವೈಜನಾಥನ ಕಣ್ಣು ಜಿಲ್ಲಾ ಸಂಘದ ಕುರ್ಚಿಯ ಮೇಲಿತ್ತು, ಅದಕ್ಕೆ ಕಲ್ಯಾಣದವರ ಬೆಂಬಲ ಬೇಕಿತ್ತು.

ಶಾಲೆಯ ಪಡಸಾಲೆಯಲ್ಲಿ ತೂಕ ನಡೆದಿತ್ತು. ವೇದಿಕೆಗೆ ಹೊರಟಿದ್ದ ಮಹಾರುದ್ರಪ್ಪ ಅಭ್ಯಾಸಬಲದಿಂದ ತಕ್ಕಡಿಯ ಕಡೆ ನೋಡಿದ. ಒಂದು ತಟ್ಟೆಯಲ್ಲಿ ನರಸಿಂಗ. ಇನ್ನೊಂದರಲ್ಲಿ ತೂಕದ ಕಲ್ಲುಗಳು, ಕಲ್ಲುಗಳ ಕೆಳಗೆ ಮಡಚಿಟ್ಟ ಗೋಣಿ ಬಾರದಾನ.

ಗಂಜಿನಲ್ಲಿ ಕಾಳು ತೂಗುವಾಗ ಕಲ್ಲಿನ ಕಡೆ ಖಾಲಿ ಚೀಲ ಇಡುವುದು ರೂಢಿ. ಚೀಲದ ಭಾರ ಕಾಳಿನ ಲೆಕ್ಕಕ್ಕೆ ಸೇರದಿರಲಿ ಎಂದು ಆ ಬಾರದಾನ. ಆದರೆ ಚೀಲದೊಳಗಿಲ್ಲದ ಮನುಷ್ಯನನ್ನು ತೂಗುವಾಗ ಬಾರದಾನಕ್ಕೇನು ಕೆಲಸ? ಅದೂ ಒಂದಲ್ಲ, ದಪ್ಪನೆಯ ಕಟ್ಟು. ಅದರ ಭಾರವಷ್ಟೂ ನರಸಿಂಗನ ಲೆಕ್ಕದಲ್ಲಿ ಕಡಿಮೆಯಾಗುತ್ತದೆ. ಮಹಾರುದ್ರಪ್ಪನ ಕಾಲು ನಿಂತಿತು, ಬಾಯಿ ತೆರೆಯಿತು. ಅಷ್ಟರಲ್ಲಿ ಹಲಗೆ ಮೊಳಗಿತು, ಯಾರೋ ಕೊರಳಿಗೆ ಹಾರ ಹಾಕಿದರು, ವೈಜನಾಥ ಬಂದು ಕೈ ಹಿಡಿದು ಎಳೆದ. ಅವನು ಹೋಗಿ ಕುರ್ಚಿಯಲ್ಲಿ ಕುಳಿತ.

ದುಬಲಗುಂಡಿಯ ನಾಯಕ ದೇವಿದಾಸ, ತುಂಡು ಹೊಲದ ರೈತ, ನರಸಿಂಗನನ್ನು ಮತ್ತೊಮ್ಮೆ ತೂಗಿರೆಂದು ಕೇಳಿದ. ವೈಜನಾಥ ಎಲ್ಲರಿಗೂ ಕೇಳುವಂತೆ ಕೂಗಿದ:

"ತಕ್ಕಡಿ ಯಾರದು ಅಂತ ಗೊತ್ತದ ಇಲ್ಲೋ? ಮಹಾರುದ್ರಪ್ಪ ಸಾವಕಾರರದು! ಅದು ಸುಳ್ಳು ಹೇಳ್ತದಂತೀಯೇನು?"

ದೇವಿದಾಸ ವೇದಿಕೆಯ ಕಡೆ ನೋಡಿದ. ಮಹಾರುದ್ರಪ್ಪ ಹಾರ ಸರಿಮಾಡಿಕೊಂಡ. ದುಬಲಗುಂಡಿ ಸೋತಿತು.

ಊರ ಬಾಯಿಗೆ ಮುಚ್ಚಳ ಎಲ್ಲಿ? ಬಸ್‌ಸ್ಟ್ಯಾಂಡಿನಲ್ಲಿ ಮಾತು ಹುಟ್ಟಿತು: "ಮಹಾರುದ್ರಪ್ಪನ ತಕ್ಕಡ್ಯಾಗ ಕೋಣನೂ ಕರು ಆಗ್ತದ." ಮೊದಮೊದಲು ನಗೆಯ ಮಾತು. ಆದರೆ ರೈತ ನಕ್ಕು ಸುಮ್ಮನಾಗುವವನಲ್ಲ. ಕೋಣನನ್ನು ಕರು ಮಾಡುವ ತಕ್ಕಡಿ ನಮ್ಮ ತೊಗರಿಯನ್ನು ಏನು ಮಾಡೀತು ಎಂದು ಯೋಚಿಸಿದ. ಸುಗ್ಗಿ ಬಂದಾಗ ದುಬಲಗುಂಡಿಯವರು ಜಲಾಲುದ್ದೀನ್ ಸೇಠರ ಚಹಾ ಕುಡಿದು, ಚೀಲಗಳನ್ನೂ ಅಲ್ಲೇ ಇಳಿಸಿದರು. ಕಮಿಟಿಯನ್ನು ಯಾರೂ ಬೈಯಲಿಲ್ಲ, ಕಮಿಟಿಯ ಹೆಸರು ಯಾರಿಗೆ ನೆನಪಿತ್ತು? ಶೀಲ್ಡಿನ ಮೇಲಿದ್ದದ್ದು ಮಹಾರುದ್ರಪ್ಪನ ಹೆಸರು.

ವೈಜನಾಥ ಉಪಾಯ ತಂದ. "ತಕ್ಕಡಿ ಬಂಡ್ಯಾಗ ಒಯ್ಯುಮುಂದ ಕೆಟ್ಟಿತ್ತು ಅಂತ ಹೇಳಿಬಿಡ್ರಿ ಮಾಮಾ. ಕಮಿಟಿ ಉಳೀತದ."

"ಮತ್ತ ನಾ?"

ವೈಜನಾಥ ಅಕ್ಕನ ಕಡೆ ನೋಡಿದ.

"ನನ್ನ ತವರಿನ ಮರ್ಯಾದಿ ಬೀದಿಗಿ ಹಾಕಬ್ಯಾಡ್ರಿ," ಎಂದು ಶಕುಂತಲಾಬಾಯಿ ಕಣ್ಣೊರೆಸಿಕೊಂಡಳು. ತಕ್ಕಡಿ ಕೆಟ್ಟಿತ್ತೆಂದರೆ ಅಂಗಡಿ ಮುಳುಗುತ್ತದೆ, ತಕ್ಕಡಿ ಸರಿಯಿತ್ತೆಂದರೆ ಹೆಂಡತಿಯ ತಮ್ಮ ಕಳ್ಳನಾಗುತ್ತಾನೆ. ಅತ್ತ ದರಿ ಇತ್ತ ಪುಲಿ. ಅಪ್ಪನ ಕಾಲದಿಂದ ಬಂದ ಒಂದೇ ಒಂದು ಆಸ್ತಿ, ಆ ತೂಕದ ಮಾತು, ಕೈ ಬಿಟ್ಟು ಹೋಗುತ್ತಿದೆಯಲ್ಲ ಎಂದು ಮಹಾರುದ್ರಪ್ಪನಿಗೆ ನಿಜಕ್ಕೂ ಅಳು ಬಂತು.

ಮರುದಿನ ಕಾಳು ಹರಾಜು ಕೂಗುವ ಸವಾಲಿನ ಹೊತ್ತಿಗೆ ರೈತರೆಲ್ಲ ನೆರೆದಿದ್ದಾಗ ಅವನು ಅಂಗಡಿಯ ಮುಂದೆ ತಕ್ಕಡಿ ತೂಗು ಹಾಕಿಸಿದ. ಜಲಾಲುದ್ದೀನ್ ಸೇಠರನ್ನು ಕೈಮುಗಿದು ಕೇಳಿ, ಅವರ ಅಂಗಡಿಯಲ್ಲಿ ತೂಗಿದ ಚೀಲವನ್ನೂ ಅವರದೇ ಕಲ್ಲುಗಳನ್ನೂ ತರಿಸಿ ಎರಡು ತಟ್ಟೆಗಳಲ್ಲಿ ಇಡಿಸಿದ. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತು.

"ತಕ್ಕಡಿ ಸುಳ್ಳಲ್ಲ," ಎಂದ ಮಹಾರುದ್ರಪ್ಪ. "ನರಸಿಂಗನ್ನ ತೂಗುಮುಂದ ಕಲ್ಲಿನ ಕೆಳಗ ಬಾರದಾನ ಇಟ್ಟಿದ್ರು. ಇಡಿಸಿದಾಂವ ನನ್ನ ಹೆಂಡತಿ ತಮ್ಮ."

ಗುಂಪಿನಲ್ಲಿ ಅಲ್ಲಲ್ಲಿ ತಲೆಗಳು ಆಡಿದವು. ಸ್ವಂತ ಮನೆಯವನನ್ನೂ ಬಿಡಲಿಲ್ಲ ನೋಡು ಎಂದು ಒಬ್ಬ ಮುದುಕ ಅಂದದ್ದು ಮಹಾರುದ್ರಪ್ಪನ ಕಿವಿಗೆ ಬಿತ್ತು. ಎಷ್ಟೋ ದಿನಗಳ ಮೇಲೆ ಎದೆ ಹಗುರಾಯಿತು.

ಬಂಡಿಯ ಪಕ್ಕದಲ್ಲಿ ನಿಂತಿದ್ದ ದೇವಿದಾಸ ಮುಂದೆ ಬಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ.

"ಸಾವಕಾರ್ರೆ, ಬಾರದಾನ ಇಟ್ಟಿದ್ದು ನಿಮಗ ಯಾರ ಹೇಳಿದ್ರಿ?"

ಯಾರೋ ಹೇಳಿದರು ಎಂದರೆ ಮುಗಿಯುತ್ತಿತ್ತು. ನಂಬಲು ಎಲ್ಲರೂ ತಯಾರಿದ್ದರು. ಆದರೆ ಮುಳ್ಳು ಇನ್ನೂ ಎದುರಿಗೇ ನೆಟ್ಟಗೆ ನಿಂತಿತ್ತು.

"ನಾನೇ ನೋಡಿದ್ದೆ," ಎಂದ.

"ಅವತ್ತ ನಾ ಮತ್ತ ತೂಗ್ರಿ ಅಂತ ಕೇಳಿದಾಗ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ದೇವಿದಾಸ ತಲೆಯಾಡಿಸಿದ. "ತಕ್ಕಡಿ ಖರೆ ಅದರಿ. ಅದರ ಮ್ಯಾಲ ನಮಗ ಸಂಶಯ ಇಲ್ಲ. ಆದರ ನಾಳಿ ನನ್ನ ತೊಗರಿ ತೂಗುಮುಂದ ಯಾರರೇ ಹಂಗೇ ಮಾಡಿದ್ರ, ನೀವು ನೋಡಿ ಸುಮ್ಮನ ಕುಂಡ್ರತೀರಿ."

ಅವನು ಎತ್ತುಗಳನ್ನು ಜಲಾಲುದ್ದೀನರ ಅಂಗಡಿಯ ಕಡೆ ಹೊರಳಿಸಿದ. ಅವನ ಹಿಂದೆ ಉಳಿದ ಬಂಡಿಗಳೂ ಒಂದೊಂದಾಗಿ ಹೊರಳಿದವು. ಯಾರೂ ಬೈಯಲಿಲ್ಲ. ಬೈದಿದ್ದರೆ ಮಹಾರುದ್ರಪ್ಪ ತಿರುಗಿ ಏನಾದರೂ ಅಂದಿರುತ್ತಿದ್ದ.